ಚಿನ್ನದ ಪೈಪಿನ ಹಾರ

ಆರ್ಡಿಸ್ ಹೋಕನ್ಸನ್ ಪೆಟ್ರೋಲ್ ಬಂಕಿನ ಟಾಯ್ಲೆಟ್ಟಿನಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನೋಡಿದರೆ ಮನೆಯೇ ಇರಲಿಲ್ಲ. ಮನೆ ಅಂದರೆ ಮನೆಗಾಡಿ. ಅಡುಗೆ ಒಲೆ, ಹಾಸಿಗೆ, ಬಚ್ಚಲು, ಅವಳ ಕನ್ನಡಕ, ಅವಳ ಫೋನು, ಅವಳ ಗಂಡ ವರ್ಲಿನ್, ಎಲ್ಲವೂ ಒಟ್ಟಿಗೆ ಗಾಲಿಯ ಮೇಲೆ ಹೊರಟುಹೋಗಿತ್ತು. ಡೀಸೆಲ್ ಪಂಪಿನ ಪಕ್ಕ ಎಣ್ಣೆಯ ಕಲೆಯೊಂದು ಮಾತ್ರ ಉಳಿದಿತ್ತು.

ಮನೆಗಾಡಿಯವರಲ್ಲಿ ಇದೇನು ಹೊಸದಲ್ಲ. ಹಿಂದೆ ಮಂಚದ ಮೇಲೆ ಹೆಂಡತಿ ನಿದ್ದೆ ಹೊಡೆಯುತ್ತಿದ್ದಾಳೆ ಅಂದುಕೊಂಡು ಗಂಡ ಸ್ಟೇರಿಂಗು ಹಿಡಿದು ಹೊರಟುಬಿಡುತ್ತಾನೆ. ಅವಳೋ ಹಾಲು ತರಲು ಇಳಿದಿರುತ್ತಾಳೆ. ಅವರ ಮನೆಗಾಡಿ ಸಂಘದಲ್ಲೇ ನಾಯಿಯನ್ನು ಬಿಟ್ಟುಬಂದವರಿದ್ದಾರೆ, ಮೊಮ್ಮಗನನ್ನು ಬಿಟ್ಟುಬಂದವರಿದ್ದಾರೆ. ಅತ್ತೆಯನ್ನು ಬಿಟ್ಟುಬಂದ ಒಬ್ಬನದು ಮರೆವೋ ಜಾಣತನವೋ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಹಾಗಾಗಿ ಆರ್ಡಿಸ್ ಮೊದಲು ನಕ್ಕಳು. ಗಲ್ಲಾದಲ್ಲಿದ್ದ ಹುಡುಗಿಯೂ ನಕ್ಕು ತನ್ನ ಫೋನು ಕೊಟ್ಟಳು.

ಬಹಳ ಹೊತ್ತು ರಿಂಗಾದ ಮೇಲೆ ವರ್ಲಿನ್ ಎತ್ತಿಕೊಂಡ.

"ಎಲ್ಲಿದೀಯೋ ಮಹರಾಯ?" ಅಂದಳು ಆರ್ಡಿಸ್.

"ಅರೆ! ನೀನು ಹಿಂದೆ ಮಲಗಿದೀಯ ಅಂದ್ಕೊಂಡಿದ್ದೆ!"

"ಬಂಕಲ್ಲಿ ನಿಂತಿದೀನಿ ಕಣೋ, ಅನಾಥೆ ಥರ. ಗಾಡಿ ಪಕ್ಕಕ್ಕೆ ಹಾಕು. ಎಲ್ಲಿದೀಯ ಈಗ?"

ಗಾಡಿ ಜಲ್ಲಿಯ ಮೇಲೆ ನಿಂತ ಸದ್ದು ಕೇಳಿಸಿತು.

"ಗೊತ್ತಾಗ್ತಿಲ್ಲ ಕಣೇ," ಅಂದ ವರ್ಲಿನ್. "ಎರಡೂ ಕಡೆ ಜೋಳದ ಹೊಲ ಇದೆ."

ಅಯೋವಾದಲ್ಲಿ ಎರಡೂ ಕಡೆ ಜೋಳದ ಹೊಲ ಇಲ್ಲದ ರಸ್ತೆ ಎಲ್ಲಿದೆ? ಮುಂದೆ ಕಾಣುವ ಬೋರ್ಡನ್ನು ಓದು ಅಂದಳು. ಅವನು ಓದಿದ. ಅದು ಉತ್ತರಕ್ಕೆ, ಮಿನ್ನೆಸೋಟಾ ಕಡೆಗೆ ಹೋಗುವ ದಾರಿ. ಅವರು ಹೊರಟಿದ್ದ ಸಂಘದ ಕೂಟ ಇದ್ದದ್ದು ದಕ್ಷಿಣಕ್ಕೆ. ಹತ್ತೊಂಬತ್ತು ವರ್ಷದಿಂದ ಪ್ರತಿ ಸೆಪ್ಟೆಂಬರಿನಲ್ಲೂ ಹೋಗುತ್ತಿದ್ದ ದಾರಿ.

"ಮನೆಗೆ ಹೋಗ್ತಿದ್ದೆ ಅನ್ಸತ್ತೆ," ಅಂದ ವರ್ಲಿನ್ ಮೆತ್ತಗೆ. ಉತ್ತರದಲ್ಲಿದ್ದ ಆ ಮನೆಯನ್ನು ಅವರು ಮಗಳ ಮದುವೆಗೂ ಎಷ್ಟೋ ಮೊದಲೇ ಮಾರಿದ್ದರು. ಆರ್ಡಿಸ್‌ಳ ನಗು ಅಲ್ಲೇ ಆರಿಹೋಯಿತು.

ಅವಳು ಫೋನಿನಲ್ಲೇ ಒಂದೊಂದು ತಿರುವು ಹೇಳುತ್ತ ಅವನನ್ನು ವಾಪಸು ಕರೆಸಿಕೊಂಡಳು. ಉಳಿದ ದಾರಿಯಲ್ಲೂ ಅವನೇ ಓಡಿಸಿದ, ಯಾಕೆಂದರೆ ಅವಳಿಗೆ ಅಷ್ಟು ದೊಡ್ಡ ಗಾಡಿ ಓಡಿಸಲು ಬರುತ್ತಿರಲಿಲ್ಲ. ಪಕ್ಕದ ಸೀಟಿನ ಅಂಚು ಗಟ್ಟಿಯಾಗಿ ಹಿಡಿದು, ಬಾಯಲ್ಲಿ ದಾರಿ ಹೇಳುತ್ತ, ಒಳಗೊಳಗೇ ದೇವರನ್ನು ನೆನೆಯುತ್ತ ಕೂತಳು. ವಸಂತದಲ್ಲಿ ಕಾರಿನ ಕೀ ಫ್ರಿಜ್ಜಿನಲ್ಲಿ ಸಿಕ್ಕಿತ್ತು. ಜುಲೈಯಲ್ಲಿ ಅಳಿಯನ ಹೆಸರು ಮರೆತಿದ್ದ. ಕೂಟ ಮುಗಿದ ಮೇಲೆ ಡಾಕ್ಟರ ಹತ್ತಿರ ಹೋಗುವುದು ಅಂತ ಆಗಲೇ ನಿಗದಿಯಾಗಿತ್ತು. ಆ ಡಾಕ್ಟರು ಏನು ಹೇಳುತ್ತಾರೆ ಅನ್ನುವುದು ಅವಳಿಗೆ ಈಗಲೇ ಗೊತ್ತಾಗಿಹೋಯಿತು.

ಕೂಟ ನಡೆಯುವ ದನದ ಜಾತ್ರೆಯ ಮೈದಾನದ ಗೇಟು ಕಾಣುತ್ತಿದ್ದ ಹಾಗೆ ವರ್ಲಿನ್ ಹುಡುಗನ ಹಾಗೆ ಕುಣಿಯತೊಡಗಿದ. "ಈ ವರ್ಷ ಚಿನ್ನದ ಹಾರ ನಂದೇ ಕಣೇ! ಹೆಂಡ್ತಿನ ಬಂಕಲ್ಲಿ ಬಿಟ್ಟು ಬಂದಿದೀನಿ, ಇದಕ್ಕಿಂತ ದೊಡ್ಡ ಪೆದ್ದುತನ ಇನ್ಯಾವನು ಮಾಡಿರ್ತಾನೆ?"

ಕೂಟದ ಎರಡನೇ ಸಂಜೆ ಊಟವಾದ ಮೇಲೆ ವರ್ಷದ ಪೆದ್ದುತನವನ್ನು ಎಲ್ಲರೆದುರು ಒಪ್ಪಿಕೊಳ್ಳುವುದು ಅವರಲ್ಲಿ ಪದ್ಧತಿ. ಎಲ್ಲರ ಓಟಿನಿಂದ ಗೆದ್ದವನ ಕೊರಳಿಗೆ, ಕೊಳಚೆ ಟ್ಯಾಂಕು ಖಾಲಿ ಮಾಡುವ ಪೈಪಿನ ಒಂದು ತುಂಡನ್ನು ಬಳೆಯ ಹಾಗೆ ಬಗ್ಗಿಸಿ ಚಿನ್ನದ ಬಣ್ಣ ಬಳಿದ ಹಾರ ಹಾಕುತ್ತಾರೆ. ಪುಣ್ಯಕ್ಕೆ ಹೊಸ ಪೈಪು. ವರ್ಲಿನ್ ಅದಕ್ಕಾಗಿ ವರ್ಷಗಟ್ಟಲೆ ಆಸೆಪಟ್ಟಿದ್ದ. ಗಾಡಿಯ ವಿಷಯದಲ್ಲಿ ತಪ್ಪೇ ಮಾಡದವನಿಗೆ ಸಿಗುವುದಾದರೂ ಹೇಗೆ?

"ಯಾರಿಗೂ ಹೇಳಕೂಡದು," ಅಂದಳು ಆರ್ಡಿಸ್. "ಮಾತು ಕೊಡು."

"ಯಾಕೆ? ಎಷ್ಟು ಚೆನ್ನಾಗಿದೆ ಕತೆ!"

"ಮಾತು ಕೊಡು ಅಂದೆ."

ಅವಳ ಮುಖ ನೋಡಿ ಅವನು ಮಾತು ಕೊಟ್ಟ. ಕೊಟ್ಟಿದ್ದು ನೆನಪಿದ್ದರೆ ತಾನೇ ಉಳಿಸಿಕೊಳ್ಳುವುದು ಅಂತ ಅವಳಿಗೆ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಅವಳ ಹೆದರಿಕೆ ಏನು ಅಂದರೆ, ವರ್ಲಿನ್ ಓಡಿಸುವಂತಿಲ್ಲ ಅಂದರೆ ಗಾಡಿ ಮಾರಬೇಕು, ಮಾರಿದವರ ಗತಿಯನ್ನು ಅವಳು ನೋಡಿದ್ದಳು. ಮೊದಲ ವರ್ಷ ಅವರು ಕಾರಿನಲ್ಲಿ ಬರುತ್ತಾರೆ, ಊರಾಚೆ ಹೋಟೆಲಿನಲ್ಲಿ ಇಳಿದುಕೊಳ್ಳುತ್ತಾರೆ. ಸಂಜೆ ಎಲ್ಲರೂ ತಮ್ಮ ತಮ್ಮ ಗಾಡಿಯ ಬಟ್ಟೆಚಪ್ಪರ ಬಿಚ್ಚಿ, ಮಡಚುಕುರ್ಚಿ ದುಂಡಗೆ ಹಾಕಿ ಕೂತಾಗ, ಅವರು ಕಾರಿನ ಕೀ ಕೈಯಲ್ಲಿ ಹಿಡಿದುಕೊಂಡೇ ಕೂತು ಬೇಗ ಎದ್ದುಹೋಗುತ್ತಾರೆ. ಎರಡನೇ ವರ್ಷ ಬರುವುದಿಲ್ಲ. ಮೂರನೇ ವರ್ಷ ಅವರ ಹೆಸರು ಹೇಳಿದರೆ "ಪಾಪ" ಅನ್ನುತ್ತಾರೆ. ಈ ಜನ ಕೈಬಿಟ್ಟುಹೋದರೆ ಆರ್ಡಿಸ್‌ಗೆ ಇನ್ನು ಉಳಿದದ್ದು ದೂರದ ಊರಿನ ಮಗಳು ಮತ್ತು ಟೀವಿ, ಅಷ್ಟೇ. ವರ್ಲಿನ್‌ನ ಎದೆಯ ಆಪರೇಷನ್ ಆದಾಗ ಇವರೇ ಸರದಿಯ ಮೇಲೆ ಬಂದು ಆಸ್ಪತ್ರೆಯ ಪಾರ್ಕಿಂಗಿನಲ್ಲಿ ತಮ್ಮ ಗಾಡಿ ನಿಲ್ಲಿಸಿಕೊಂಡಿದ್ದರು. ಒಂದು ಗಾಡಿ ಹೋದರೆ ಇನ್ನೊಂದು ಬರುತ್ತಿತ್ತು. ಅವಳು ಯಾವಾಗ ಕೆಳಗಿಳಿದು ಬಂದರೂ ತಟ್ಟಲು ಒಂದು ಬಾಗಿಲಿತ್ತು, ಒಳಗೆ ಬಿಸಿ ಕಾಫಿ ಇತ್ತು. ಅಂಥವರ ಬಾಯಲ್ಲಿ ತಾನು "ಪಾಪ" ಅನ್ನಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ. ನಾಲ್ಕು ದಿನ ನಗುತ್ತ ಕಳೆದು, ಮನೆಗೆ ಹೋಗಿ ಸದ್ದಿಲ್ಲದೆ ಗಾಡಿ ಮಾರಿಬಿಡುವುದು ಅಂತ ತೀರ್ಮಾನ ಮಾಡಿಕೊಂಡಳು.

ಗೇಟಿನಲ್ಲಿ ಟ್ವೈಲಾ ಬ್ರೂನ್ಸ್ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು, ಎರಡು ಕೈಯಲ್ಲೂ ಬಾವುಟ ಹಿಡಿದು, ವಿಮಾನ ಇಳಿಸುವವಳ ಹಾಗೆ ನಿಂತಿದ್ದಳು. ಸಂಘದ ಅಧ್ಯಕ್ಷೆ ಅವಳೇ, ಗಂಟಲೂ ಅವಳದೇ. ಅವಳ ಗಂಡ ಕ್ಲೈಡ್ ಮಾತು ಕಡಿಮೆಯ ಮನುಷ್ಯ. ಮಾತಾಡಲು ಅವಕಾಶ ಸಿಕ್ಕಿದ್ದೂ ಕಡಿಮೆ.

"ಬಂದ್ರಾ ರಾಜ ರಾಣಿ!" ಅಂತ ಟ್ವೈಲಾ ಆರ್ಡಿಸ್‌ಳನ್ನು ಉಸಿರುಕಟ್ಟುವ ಹಾಗೆ ಅಪ್ಪಿಕೊಂಡಳು. "ಇಷ್ಟು ಲೇಟಾಗಿ ಎಂದೂ ಬಂದವರಲ್ಲ ನೀವು. ಏನು, ದಾರೀಲಿ ಹನಿಮೂನಾ?"

"ಟ್ರಾಫಿಕ್ಕು," ಅಂದಳು ಆರ್ಡಿಸ್.

"ಜೋಳದ ಹೊಲದಲ್ಲಿ ಟ್ರಾಫಿಕ್ಕು!" ಅಂದಳು ಟ್ವೈಲಾ. ಆದರೆ ಮತ್ತೆ ಕೇಳಲಿಲ್ಲ.

ಮಾರನೆಯ ದಿನವೆಲ್ಲ ಆರ್ಡಿಸ್ ಗಂಡನ ನೆರಳಿನ ಹಾಗೆ ತಿರುಗಿದಳು. ಯಾರಾದರೂ ಅವನನ್ನು ಏನಾದರೂ ಕೇಳಿದರೆ ಅವನು ಬಾಯಿ ತೆರೆಯುವ ಮೊದಲೇ ಇವಳು ಉತ್ತರ ಹೇಳುತ್ತಿದ್ದಳು. ಅವನು ಬಚ್ಚಲಿಗೆ ಹೋದರೆ ಹೊರಗೆ ಟವೆಲ್ಲು ಹಿಡಿದು ಕಾಯುತ್ತಿದ್ದಳು. ವರ್ಲಿನ್ ಒಂದು ಸಲ ಬೇಸರದಿಂದ ಅವಳ ಕೈಯಿಂದ ಟವೆಲ್ಲು ಕಿತ್ತುಕೊಂಡ. ಸಂಜೆಯ ಹೊತ್ತಿಗೆ ಅವಳು ಎಷ್ಟು ಸುಸ್ತಾಗಿದ್ದಳೆಂದರೆ, ಮಾಂಸ ಆಲೂಗಡ್ಡೆ ಹಾಕಿ ಮಾಡಿದ ತನ್ನ ಹಾಟ್‌ಡಿಶ್‌ಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಅದನ್ನು ಯಾರೂ ಆಡಿ ತೋರಿಸಲಿಲ್ಲ, ಎರಡೆರಡು ಸಲ ಬಡಿಸಿಕೊಂಡು ತಿಂದರು.

ಊಟವಾಗುವಾಗ ಬಿಸಿಲು ಇನ್ನೂ ದನದ ಕೊಟ್ಟಿಗೆಗಳ ತಗಡಿನ ಮೇಲಿತ್ತು. ಕುರ್ಚಿಗಳು ದುಂಡಗಾದವು. ಟ್ವೈಲಾ ಚಿನ್ನದ ಹಾರವನ್ನು ದಿಂಬಿನ ಮೇಲಿಟ್ಟು ತಂದಳು, ಎಲ್ಲರೂ ರಾಷ್ಟ್ರಗೀತೆ ಹಾಡುವವರ ಹಾಗೆ ಎದ್ದುನಿಂತು ಎದೆಯ ಮೇಲೆ ಕೈಯಿಟ್ಟುಕೊಂಡರು.

ಮೊದಲು ಎದ್ದವನು ಕ್ಲೈಡ್. ಟೀವಿ ಆಂಟೆನಾ ಇಳಿಸುವುದನ್ನು ಮರೆತು ಹೊರಟು, ಒಂದು ಹೋಟೆಲಿನ ಅಂಗಳದಲ್ಲಿ ಕಟ್ಟಿದ್ದ ದೀಪದ ಸರವನ್ನೆಲ್ಲ ಕಿತ್ತುಕೊಂಡು ಹೆದ್ದಾರಿಯಲ್ಲಿ ಬಾಲದ ಹಾಗೆ ಎಳೆದುಕೊಂಡು ಹೋದದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿ ಕೂತ. ಈ ವರ್ಷ ಹೊಸದಾಗಿ ಸೇರಿದವನೊಬ್ಬ ಎದ್ದು, ಪೈಪು ಜೋಡಿಸುವ ಮೊದಲೇ ಕೊಳಚೆ ಟ್ಯಾಂಕಿನ ತಿರುಪು ತೆಗೆದ ಕತೆ ಹೇಳಿದ. ಎಲ್ಲಿ ನಿಂತಿದ್ದೆ ಅಂತ ಯಾರೋ ಕೇಳಿದರು. ಅವನ ಹೆಂಡತಿ "ಎದುರಿಗೇ" ಅಂದಳು. ನಕ್ಕು ನಕ್ಕು ಒಬ್ಬರ ಕುರ್ಚಿಯೇ ಮಗುಚಿತು. ಹಾರ ಇವನಿಗೇ ಅಂತ ಎಲ್ಲರೂ ಅಂದುಕೊಂಡರು.

ಆಗ ವರ್ಲಿನ್ ಎದ್ದ.

"ಕೂತ್ಕೋ," ಅಂತ ಆರ್ಡಿಸ್ ಅವನ ಅಂಗಿಯ ತುದಿ ಎಳೆದಳು. ಅವನು ಅವಳ ಕೈಯನ್ನು ಮೆಲ್ಲಗೆ ಬಿಡಿಸಿ, ಆ ಕೈಯನ್ನು ಹಾಗೇ ಹಿಡಿದುಕೊಂಡು ನಿಂತ.

ಬಂಕಿನ ಕತೆಯನ್ನು ಅವನು ಎಷ್ಟು ಸೊಗಸಾಗಿ ಹೇಳಿದ! ಹಿಂದೆ ಮಲಗಿದ್ದ ಹೆಂಡತಿಯ ಜೊತೆ ಅಷ್ಟು ದೂರ ಮಾತಾಡುತ್ತ ಹೋದನಂತೆ. ಅವಳು ಒಂದೇ ಒಂದು ಸಲವೂ ಎದುರುಮಾತಾಡಲಿಲ್ಲವಲ್ಲ, ಮದುವೆಯಾದಾಗಿನಿಂದ ಇದೇ ಮೊದಲು ಅಂತ ಸಂತೋಷಪಟ್ಟನಂತೆ. ಟ್ವೈಲಾ ಕಣ್ಣೊರೆಸಿಕೊಂಡು ನಕ್ಕಳು. ಹೊಸಬ ತನ್ನ ಸೋಲು ಒಪ್ಪಿ ಎರಡೂ ಕೈ ಎತ್ತಿದ.

"ಇನ್ನೂ ಇದೆ," ಅಂದ ವರ್ಲಿನ್. "ಇದನ್ನ ಹೇಳಲ್ಲ ಅಂತ ನಾನು ಆರ್ಡಿಸ್‌ಗೆ ಮಾತು ಕೊಟ್ಟಿದ್ದೆ. ಕೊಟ್ಟಿದ್ದು ಮರೆತುಬಿಟ್ಟ ಅಂದ್ಕೋಬೇಡಿ. ಚೆನ್ನಾಗಿ ನೆನಪಿದೆ. ನೆನಪಿರೋದ್ರಿಂದಲೇ ಮುರೀತಿದೀನಿ."

ನಗು ಸಣ್ಣಗಾಯಿತು.

"ನಾನು ಹೊರಟಿದ್ದು ಇಲ್ಲಿಗಲ್ಲ. ಎಂದೋ ಮಾರಿದ ಮನೆಗೆ. ಗಾಡಿ ಓಡ್ಸೋದು ಮರೆತಿಲ್ಲ, ದಾರಿ ಮರೆತೋಗ್ತಿದೆ. ವಾಪಸ್ ಬರೋವಾಗ ಇವಳು ಸೀಟಿನ ಅಂಚು ಹಿಡ್ಕೊಂಡು ಕೂತಿದ್ಲು. ಐವತ್ತು ವರ್ಷದಲ್ಲಿ ನನ್ನ ಪಕ್ಕ ಕೂತು ಇವಳು ಹೆದರಿದ್ದು ನಾನು ನೋಡಿರ್ಲಿಲ್ಲ. ಅಂಥದ್ದು ನಂಗೆ ಬೇಡ. ದಾರೀಲಿ ಎದುರಿಗೆ ಬರೋ ಮಕ್ಕಳು ಮರೀನೂ ನಿಮ್ಮ ಮಕ್ಕಳ ಥರಾನೇ. ಇವತ್ತಿಂದ ನಾನು ಸ್ಟೇರಿಂಗು ಮುಟ್ಟಲ್ಲ."

ಜೇಬಿನಿಂದ ಕೀ ತೆಗೆದು ಆರ್ಡಿಸ್‌ಳ ತೊಡೆಯ ಮೇಲಿಟ್ಟು ಅವನು ಕೂತ. ಆರ್ಡಿಸ್ ಕೀಯನ್ನೇ ನೋಡುತ್ತಿದ್ದಳು. ಈಗ ಬರುತ್ತದೆ, ಈಗ ಯಾರೋ ಒಬ್ಬರು "ಪಾಪ" ಅನ್ನುತ್ತಾರೆ ಅಂತ ಕಿವಿ ಮುಚ್ಚಿಕೊಳ್ಳುವಷ್ಟು ಹೆದರಿದಳು.

ಬಾಯಿ ಬಿಟ್ಟವನು ಕ್ಲೈಡ್. "ಓಟು ಹಾಕೋದೇನು ಬೇಡ," ಅಂದ. "ಇವನು ಹತ್ತೊಂಬತ್ತು ವರ್ಷ ಬಡ್ಡಿ ಸಮೇತ ಕೂಡಿಟ್ಟು ಒಂದೇ ಸಲ ಮಾಡಿದಾನೆ."

ತಡೆದಿದ್ದ ನಗುವೆಲ್ಲ ಒಮ್ಮೆಲೇ ಬಂತು. ವರ್ಲಿನ್ ಎಲ್ಲರಿಗಿಂತ ಜೋರಾಗಿ ನಕ್ಕ. ಟ್ವೈಲಾ ಹಾರವನ್ನು ಅವನ ಕೊರಳಿಗೆ ಹಾಕಿ ಹಣೆಗೆ ಮುತ್ತು ಕೊಟ್ಟಳು. ಆರ್ಡಿಸ್‌ಗೆ ಮಾತ್ರ ಅಳು ಬಂತು. ಎಷ್ಟು ದಿನದಿಂದ ಒಬ್ಬಳೇ ಹೊತ್ತಿದ್ದನ್ನು ಇವನು ಹೀಗೆ ಎಲ್ಲರ ನಡುವೆ ಇಳಿಸಿಬಿಟ್ಟನಲ್ಲ ಅಂತ ಸಿಟ್ಟೂ ಬಂತು, ಹೆಗಲು ಹಗುರವೂ ಆಯಿತು. ಅವಳು ಎದ್ದು ಗಾಡಿಯ ಹಿಂದೆ ಹೋದಳು. ಟ್ವೈಲಾ ಹಿಂದೆಯೇ ಬಂದಳು.

"ಮಾರ್ತೀವಿ," ಅಂದಳು ಆರ್ಡಿಸ್ ಮೂಗು ಒರೆಸಿಕೊಳ್ಳುತ್ತ. "ಹೇಳದೇ ಹೋಗೋಣ ಅಂತಿದ್ದೆ. ಈಗ ಗೊತ್ತಾಯ್ತಲ್ಲ."

"ಮಾರೋ ಹಾಗಿಲ್ಲ."

"ನೀನ್ಯಾರೇ ಹೇಳೋಕೆ?"

"ನಾನಲ್ಲ, ನಿಯಮ. ಹಾರ ಗೆದ್ದವರು ಮುಂದಿನ ವರ್ಷ ಅದನ್ನ ತಮ್ಮ ಗಾಡೀಲೇ, ಮುಂದಿನ ಗಾಜಿಗೆ ತೂಗುಹಾಕ್ಕೊಂಡು ವಾಪಸ್ ತರ್ಬೇಕು. ಕಾರಲ್ಲಿ ತಂದ್ರೆ ತಗೊಳ್ಳಲ್ಲ. ಆ ನಿಯಮ ಮಾಡಿದ್ದು ಯಾರು ನೆನಪಿದ್ಯಾ?"

ಆರ್ಡಿಸ್‌ಗೆ ಚೆನ್ನಾಗಿ ನೆನಪಿತ್ತು. ಹಿಂದೊಮ್ಮೆ ಹಾರವನ್ನು ಒಬ್ಬರು ಅಟ್ಟದ ಮೇಲೆ ಹಾಕಿ ಕಳೆದುಹಾಕಿದಾಗ, ಸಿಟ್ಟಿನಲ್ಲಿ ಕೈ ಎತ್ತಿ ಆ ನಿಯಮ ಮಾಡಿಸಿದವಳು ಅವಳೇ.

"ನಂಗೆ ಓಡ್ಸೋಕೆ ಬರಲ್ಲ ಕಣೇ ಟ್ವೈಲಾ."

"ಕಾರು ಓಡಿಸ್ತೀಯಲ್ಲ? ಆ ಲೈಸೆನ್ಸೇ ಸಾಕು. ಈ ಗಾಡಿ ಏನು, ಫ್ರಿಜ್ಜು ಇರೋ ಕಾರು. ಬೆಳಿಗ್ಗೆ ಕಾಫಿ ಕುಡಿದು ಕುದುರೆ ಮೈದಾನಕ್ಕೆ ಬಾ. ಚಪ್ಪಲಿ ಬೇಡ, ಶೂ ಹಾಕ್ಕೊಂಡು ಬಾ."

ಬೆಳಿಗ್ಗೆ ಹೋಗಿ ನೋಡಿದರೆ ಕುದುರೆ ಓಡಿಸುವ ಬಯಲಿನ ತುಂಬ ಮಡಚುಕುರ್ಚಿಗಳನ್ನು ರಸ್ತೆಯ ಹಾಗೆ ಎರಡು ಸಾಲು ಜೋಡಿಸಿದ್ದರು. ಸಂಘದ ಹೆಂಗಸರೆಲ್ಲ ಬೇಲಿಯ ಹತ್ತಿರ ನಿಂತಿದ್ದರು. ತಮ್ಮ ಕುರ್ಚಿಯನ್ನು ಕೊಟ್ಟು ತಾವು ನಿಂತಿದ್ದರು ಅನ್ನುವುದು ಆರ್ಡಿಸ್‌ಗೆ ಆಮೇಲೆ ಹೊಳೆಯಿತು.

ವರ್ಲಿನ್ ಪಕ್ಕದ ಸೀಟಿನಲ್ಲಿ ಕೂತ, ಕೊರಳಲ್ಲಿ ಹಾರ. ಮೊದಲ ತಿರುವಿನಲ್ಲೇ ಗಾಡಿಯ ಹಿಂಭಾಗ ಒಂದು ಕುರ್ಚಿಯನ್ನು ಚಪ್ಪಟೆ ಮಾಡಿತು.

"ಅದು ಕ್ಲೈಡಂದು!" ಅಂತ ಟ್ವೈಲಾ ಕೂಗಿದಳು. "ಪರವಾಗಿಲ್ಲ, ಹೇಗಿದ್ರೂ ಹಳೇದು!"

"ಕಾರು ತಿರುಗಿಸಿದ ಹಾಗೆ ತಿರುಗಿಸಬೇಡ," ಅಂದ ವರ್ಲಿನ್. ಅವನ ದನಿಯಲ್ಲಿ ತಡವರಿಕೆ ಒಂದಿಷ್ಟೂ ಇರಲಿಲ್ಲ. "ಮೊದಲು ಸ್ವಲ್ಪ ಮುಂದೆ ಹೋಗು. ಇನ್ನೂ. ಇನ್ನೂ. ಭಯ ಆಗೋವರೆಗೂ ಹೋಗು, ಆಮೇಲೆ ತಿರುಗಿಸು. ಕನ್ನಡೀಲಿ ಹಿಂದಿನ ಚಕ್ರ ನೋಡ್ತಿರು."

ಅವಳು ಭಯವಾಗುವವರೆಗೂ ಹೋಗಿ ತಿರುಗಿಸಿದಳು. ಮನೆಯಂಥ ಗಾಡಿ ಕುರ್ಚಿಗಳ ನಡುವೆ ಸರಾಗವಾಗಿ ಬಳಸಿಕೊಂಡು ಬಂತು. ಅವನಿಗೆ ದಾರಿ ಮರೆತುಹೋಗಿತ್ತು, ಕೈಯ ವಿದ್ಯೆ ಹೋಗಿರಲಿಲ್ಲ. ಅವಳಿಗೆ ವಿದ್ಯೆ ಇರಲಿಲ್ಲ, ಆದರೆ ಇಷ್ಟು ವರ್ಷ ಪಕ್ಕದಲ್ಲಿ ಕೂತು ನಕ್ಷೆ ಓದಿದವಳು ಅವಳೇ. ಎಂಟು ರಾಜ್ಯದ ರಸ್ತೆ ಅವಳ ತಲೆಯಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳ ಅಂಗಿ ಬೆವರಿನಲ್ಲಿ ನೆನೆದಿತ್ತು, ಇನ್ನೂ ಎರಡು ಕುರ್ಚಿ ಹೋಗಿದ್ದವು, ಬೇಲಿಯ ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು. ಊಟಕ್ಕೆ ಇಳಿದಾಗ ಆರ್ಡಿಸ್ ಒಬ್ಬೊಬ್ಬರನ್ನೇ ಹಿಡಿದು "ನಿಮ್ಮ ಉಪಕಾರ ದೊಡ್ಡದು" ಅಂದಳು. ಕುರ್ಚಿ ಕಳೆದುಕೊಂಡವರನ್ನು ಎರಡೆರಡು ಸಲ ಅಪ್ಪಿಕೊಂಡಳು. ಜೀವಮಾನದಲ್ಲಿ ಯಾರ ಹಂಗೂ ಬೇಡ ಅನ್ನುತ್ತಿದ್ದ ಹೆಂಗಸು, ಆ ದಿನ ಹಂಗಿನಲ್ಲಿ ಎಷ್ಟು ಸುಖವಿದೆ ಅಂತ ಕಂಡುಕೊಂಡಳು.

ಭಾನುವಾರ ಹೊರಡುವ ದಿನ. ಇನ್ನೊಬ್ಬರು ಒಮ್ಮೆ ನೋಡದೆ ಯಾರೂ ಗಾಡಿ ಕದಲಿಸುವಂತಿಲ್ಲ ಅನ್ನುವುದು ಅಲ್ಲಿಯ ರೂಢಿ. ಕ್ಲೈಡ್ ಅವರ ಗಾಡಿಯನ್ನು ಒಂದು ಸುತ್ತು ಹಾಕಿ ಆಂಟೆನಾ ಇಳಿದಿದೆ, ಮೆಟ್ಟಿಲು ಮಡಚಿದೆ, ಕರೆಂಟಿನ ವೈರು ಬಿಚ್ಚಿದೆ ಅಂತ ಒಂದೊಂದಕ್ಕೂ ಹೆಬ್ಬೆರಳು ಎತ್ತಿದ. ವರ್ಲಿನ್ ದೀಪ ನೋಡಲು ಹಿಂದೆ ಹೋದ.

"ಬ್ರೇಕು ಒತ್ತು!" ಅಂತ ಹಿಂದಿನಿಂದ ಕೂಗಿದ. ಒತ್ತಿದಳು. "ಎಡ ದೀಪ! ಬಲ ದೀಪ! ಎಲ್ಲಾ ಸರಿಯಾಗಿದೆ!"

ಟ್ವೈಲಾ ಮತ್ತು ಕ್ಲೈಡ್ ತಮ್ಮ ಗಾಡಿ ಹತ್ತಿ ಮುಂದೆ ನಿಂತರು. ಆರ್ಡಿಸ್‌ಳ ಮನೆಯವರೆಗೂ ಮುಂದೆ ಹೋಗುತ್ತೇವೆ ಅಂದಿದ್ದರು. ಅವರ ಊರು ಇರುವುದು ಬೇರೆ ದಿಕ್ಕಿನಲ್ಲಿ ಅಂತ ಆರ್ಡಿಸ್ ಎಷ್ಟು ಹೇಳಿದರೂ ಕೇಳಿಸಿಕೊಂಡಿರಲಿಲ್ಲ. ಉಳಿದವರೆಲ್ಲ ಎರಡೂ ಕಡೆ ನಿಂತು ಕೈ ಎತ್ತಿದರು. ಆರ್ಡಿಸ್ ಕನ್ನಡಕ ಸರಿಮಾಡಿಕೊಂಡಳು, ಹಾರನ್ ಹೊಡೆದಳು, ಬ್ರೇಕು ಬಿಟ್ಟಳು. ಗಾಡಿ ಹೊರಟಿತು.

ಎಷ್ಟು ನಯವಾಗಿ ಹೊರಟಿತು! ಜನ ಕೂಗಿದರು, ಕೈ ಬೀಸಿದರು, ಕುಣಿದರು. ಆರ್ಡಿಸ್ ಕೂಡ ಕೈ ಬೀಸಿದಳು. ಅವರು ಇನ್ನೂ ಜೋರಾಗಿ ಕೂಗಿದರು, ಒಬ್ಬಳಂತೂ ಗಾಡಿಯ ಪಕ್ಕ ಓಡುತ್ತಲೇ ಬಂದಳು. ನನ್ನ ಮೇಲೆ ಇವರಿಗೆ ಇಷ್ಟು ಪ್ರೀತಿಯೇ ಅಂತ ಆರ್ಡಿಸ್‌ಳ ಕಣ್ಣು ತುಂಬಿಬಂತು.

ಗೇಟಿನ ಹತ್ತಿರ ಬಂದಾಗ ಮುಂದಿನ ಗಾಡಿಯಿಂದ ವಾಕಿಟಾಕಿಯಲ್ಲಿ ಟ್ವೈಲಾಳ ದನಿ ಬಂತು. "ಆರ್ಡಿಸ್, ಚೆನ್ನಾಗಿ ಓಡಿಸ್ತಿದೀಯ. ಒಂದೇ ಒಂದು ಕೇಳ್ತೀನಿ. ನಿನ್ನ ಗಂಡ ಎಲ್ಲಿ?"

"ಇಲ್ಲೇ..." ಅಂತ ಆರ್ಡಿಸ್ ಪಕ್ಕಕ್ಕೆ ತಿರುಗಿದಳು. ಸೀಟು ಖಾಲಿ ಇತ್ತು.

ಬ್ರೇಕು ಒತ್ತಿ ಕನ್ನಡಿ ನೋಡಿದಳು. ದೂರದಲ್ಲಿ, ಹೊರಟ ಜಾಗದಲ್ಲೇ, ವರ್ಲಿನ್ ಎರಡೂ ಕೈ ಮೇಲೆತ್ತಿ ನಿಂತಿದ್ದ. ಚಿನ್ನದ ಹಾರ ಬಿಸಿಲಿಗೆ ಹೊಳೆಯುತ್ತಿತ್ತು. ಅವನು ನಗುತ್ತಿದ್ದ, ಹೊಟ್ಟೆ ಹಿಡಿದುಕೊಂಡು ಬಗ್ಗಿ ನಗುತ್ತಿದ್ದ. ಆಮೇಲೆ ನೆಟ್ಟಗಾಗಿ, ಎಲ್ಲರ ನಡುವೆ, ಅವಸರವಿಲ್ಲದೆ ನಡೆದುಬರತೊಡಗಿದ. ಕನ್ನಡಿಯಲ್ಲಿ ಅವನು ಹತ್ತಿರ ಹತ್ತಿರ ಬರುವುದನ್ನು ಆರ್ಡಿಸ್ ಕಣ್ಣು ಕೀಳದೆ ನೋಡಿದಳು. ಇವತ್ತು ಅವನು ಬರುತ್ತಿದ್ದಾನೆ, ನನ್ನ ಗಾಡಿ ಯಾವುದು ಅಂತ ಅವನಿಗೆ ಗೊತ್ತಿದೆ. ದೇವರೇ, ಇಷ್ಟು ಕೊಟ್ಟೆಯಲ್ಲ, ಸಾಕು ಅಂದುಕೊಂಡಳು.

ಬಾಗಿಲು ತೆರೆದು ವರ್ಲಿನ್ ಏದುಸಿರು ಬಿಡುತ್ತ ಹತ್ತಿದ. "ಹಿಂದೆ ಮಲಗಿದೀನಿ ಅಂದ್ಕೊಂಡ್ಯಾ?"

ಅವಳು ನಗಲೂ ಆಗದೆ ಅಳಲೂ ಆಗದೆ ಸ್ಟೇರಿಂಗಿನ ಮೇಲೆ ಹಣೆಯಿಟ್ಟಳು. ಅವನು ತನ್ನ ಕೊರಳಿನ ಹಾರ ತೆಗೆದು ಅವಳ ಕೊರಳಿಗೆ ಹಾಕಿದ. ಹೊರಗೆ ಕೇಕೆಯೋ ಕೇಕೆ. ವಾಕಿಟಾಕಿಯಲ್ಲಿ ಕ್ಲೈಡ್ "ಇದು ಮುಂದಿನ ವರ್ಷದ ಲೆಕ್ಕಕ್ಕೆ" ಅಂದ.

"ಆಯ್ತು," ಅಂದಳು ಆರ್ಡಿಸ್, ಕಣ್ಣೊರೆಸಿಕೊಂಡು. "ಮುಂದಿನ ವರ್ಷ ತರ್ತೀನಿ."

ಗಾಡಿ ಗೇಟು ದಾಟಿ ರಸ್ತೆಯ ಅಂಚಿಗೆ ಬಂತು. ವರ್ಲಿನ್ ಆ ಕಡೆ ನೋಡಿದ, ಈ ಕಡೆ ನೋಡಿದ.

"ಯಾವ ಕಡೆ ಕಣೇ?"

"ಎಡಕ್ಕೆ."

"ಹಾಗಾದ್ರೆ ತಿರುಗಿಸೋ ಮೊದಲು ಸ್ವಲ್ಪ ಮುಂದೆ ಹೋಗು," ಅಂದ ವರ್ಲಿನ್. "ಇನ್ನೂ. ಇನ್ನೂ. ಹ್ಞಾ, ಈಗ."